ತವರಿಗೆ ಹೋದ ಕಲ್ಲು

ಸವಣೂರಿನ ಹೊರಗೆ, ಎಲೆಬಳ್ಳಿ ತೋಟಗಳು ಮುಗಿದು
ಜಾಲಿ ಶುರುವಾಗುವಲ್ಲಿ
ಮೂರು ಸುಣ್ಣದ ಭಟ್ಟಿಗಳು.
ಒಂದರ ಹೆಗಲು ಕುಸಿದಿದೆ. ಇನ್ನೊಂದರ ಬಾಯೊಳಗೆ
ಬಸರಿ ಸಸಿಯೊಂದು ಕೂತು ಹೊರಗೆ ಇಣುಕುತ್ತಿದೆ.
ಮೂರನೆಯದು ನೆಟ್ಟಗಿದೆ, ಯಾರೋ ಈಗಷ್ಟೇ
ಉರಿ ತಗ್ಗಿಸಿ ರೊಟ್ಟಿ ತಿನ್ನಲು ಹೋದ ಹಾಗೆ.

ಪಕ್ಕದಲ್ಲಿ ಕಾಲುವೆ.
ಕಾಲುವೆ ಎನ್ನುವುದು ಈಗ ನಕಾಶೆಯ ಮಾತು.
ನೆಲದ ಮೇಲೆ ಅದೊಂದು ಉದ್ದನೆಯ ತಗ್ಗು,
ಎಮ್ಮೆಗಳಿಗೆ ದಾರಿ,
ಮದುವೆಯೂಟದ ಎಂಜಲು ತಟ್ಟೆಗಳಿಗೆ ಕೊನೆಯ ಊರು.

ನಾನು ಅಳೆಯಲು ಬಂದವನು.
ಟೇಪು ಪುರಸಭೆಯದು, ವಹಿ ಪುರಸಭೆಯದು,
ನನ್ನದು ಅಂತ ಇರುವುದು
ಬೆನ್ನ ಹಿಂದೆ ಮುಳ್ಳು ಸರಿಸುತ್ತ ಬರುವ ಫಕ್ಕೀರವ್ವ:
ನಮ್ಮಜ್ಜನ ತಂಗಿ, ಸುಣಗಾರರ ಓಣಿಯಲ್ಲಿ
ಕಲ್ಲು ಸುಡುವುದು ಬಲ್ಲ ಕೊನೆಯ ಜೀವ.

ಸುತ್ತಳತೆ ಎಷ್ಟೆಂದು ಟೇಪು ಹೇಳಿತು.
ಆಕೆ ಬೇರೆ ಲೆಕ್ಕ ಹೇಳಿದಳು:
"ಎಂಟು ಹೆಡಿಗಿ ಹರಳು, ಮೂರು ಹೆಡಿಗಿ ಇದ್ದಲಿ.
ಮತ್ತ ಎಂಟು, ಮತ್ತ ಮೂರು.
ಮ್ಯಾಲ ಕೆಸರು ಮೆತ್ತಿ ಮೂರು ರಾತ್ರಿ.
ನಾಕನೇ ದಿನ ಬಾಯಿ ತಗದರ
ಕಲ್ಲು ಕಲ್ಲಿನಂಗ ಕಾಣತಿತ್ತು, ಎತ್ತಿದರ ಹತ್ತಿ."
ನನ್ನ ವಹಿಯಲ್ಲಿ ಹೆಡಿಗೆಗೆ ಕಾಲಂ ಇಲ್ಲ.

ಆಗ ಕಾಲುವೆಗೆ ಕೊಡ ಅದ್ದಿದರೆ ಸಾಕು.
ನೀರು ಬಿದ್ದ ಕ್ಷಣ ಸುಟ್ಟ ಕಲ್ಲು ಬುಸುಗುಟ್ಟಿ,
ಬಿರಿದು, ಒಲೆಯಿಲ್ಲದೆ ಕುದಿದು, ಅರಳಿ ಬೆಳ್ಳಗೆ ಕೂರುತ್ತಿತ್ತು.
ಮಕ್ಕಳು ಹೊಂಡದ ದಂಡೆಯ ಬಿಸಿಯಲ್ಲಿ ಗೆಣಸು ಹುಗಿಯುತ್ತಿದ್ದರು.
ಗೌಂಡಿ ಹಜರೇಸಾಬ ಬಂದು ಚಿಟಿಕೆ ತೆಗೆದು
ನಾಲಿಗೆಗೆ ತಾಗಿಸಿ, ಉಗುಳಿ, ದರ ಹೇಳುತ್ತಿದ್ದ.
ಗೋಡೆಯದು ಅವನಿಗೆ. ಏಳು ಸಲ ಬಟ್ಟೆಯಲ್ಲಿ ಸೋಸಿದ್ದು
ಅಡಕೆ ಅಂಗಡಿಗಳಿಗೆ.
ಒಂದೇ ಕಾಲುವೆಯ ನೀರು ಕುಡಿದ ಎಲೆಯೂ ಸುಣ್ಣವೂ
ಯಾರೋ ಅಪರಿಚಿತರ ಬಾಯಲ್ಲಿ ಭೇಟಿಯಾಗಿ
ಕೆಂಪಾಗುತ್ತಿದ್ದವು.

ಆಕೆಯ ಎಡಗಣ್ಣು ಪೂರಾ ಬಿಳಿ.
ಹನ್ನೊಂದನೆಯ ವಯಸ್ಸು, ಹೊಂಡ ಕಲಕುವಾಗ, ಒಂದೇ ಹನಿ.
"ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ,
ನನ್ನ ಬೆಣ್ಣಿ ಪಾಲು ಯಾರ ಹೊಡಕೊಂಡರೋ ಏನೋ!"
ನಕ್ಕಳು. ನಾನು ಟೇಪು ಸುತ್ತಿಕೊಂಡೆ.

ಆಮೇಲೆ ಆಕೆ ಮೂರನೆಯ ಭಟ್ಟಿಯ ಬುಡದ ಕಂಡಿಗೆ
ಮೊಳಕೈವರೆಗೆ ಕೈ ತೂರಿಸಿದಳು.
ಹಾವು ಇದ್ದೀತು ಎಂದೆ. "ಇದ್ದರ ಇರಲಿ, ಅದರ ಮನಿ."
ಬೂದಿಯೊಳಗಿಂದ ಮುಷ್ಟಿಗಾತ್ರದ ಬಿಳಿ ಉಂಡೆ ಹೊರಬಂತು,
ನಲವತ್ತು ವರ್ಷ ಯಾರೂ ಕೇಳದೆ ಉಳಿದದ್ದು.
"ನೀರು ಕೊಡು."
ಬಾಟಲಿಯಲ್ಲಿದ್ದ ಅರ್ಧ ನೀರು ಕೊಟ್ಟೆ.
ಸುರಿದಳು. ಕಿವಿ ಹತ್ತಿರ ಒಯ್ದಳು.
ನಾನೂ ಬಾಗಿದೆ.

ಬುಸುಗುಟ್ಟಲಿಲ್ಲ. ಬೆಚ್ಚಗೂ ಆಗಲಿಲ್ಲ.
ನೀರು ಸುಮ್ಮನೆ ಜಾರಿ ಆಕೆಯ ಸೀರೆ ನೆನೆಸಿತು.

"ಮತ್ತ ಕಲ್ಲಾಗೈತಿ," ಎಂದಳು ಬಹಳ ಹೊತ್ತಿನ ಮೇಲೆ.
"ಇಷ್ಟು ಸುಟ್ಟರೂ, ಗಾಳಿ ಕುಡಕೋತ ಕುಡಕೋತ
ತವರಿಗೆ ಹೋಗೈತಿ ನೋಡು."
ಮತ್ತೆ, ತಗ್ಗಿನ ಕಡೆ ತಿರುಗಿ:
"ನೀರಿಗೆ ಆ ದಾರಿ ಗೊತ್ತಾಗಲಿಲ್ಲ."

'ಸದ್ಯದ ಉಪಯೋಗ' ಎಂಬ ಕಾಲಂ ಉಳಿದಿತ್ತು.
ಕುಸಿದ ಭಟ್ಟಿಯಲ್ಲಿ ನಾಯಿಯೊಂದು ಐದು ಮರಿ ಹಾಕಿದೆ
ಎಂದು ಬರೆಯಬಹುದಿತ್ತು.
'ಇಲ್ಲ' ಎಂದು ಬರೆದೆ.

ಗಾಡಿಯ ಹಿಂದೆ ಕೂತವಳು
ಉಂಡೆಯನ್ನು ಸೆರಗಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು.
ಜಾಲಿ ದಾಟಿ ಎಲೆತೋಟದ ತಂಪು ತಾಗುವಾಗ
ಬೆನ್ನಿಗೆ ಒಮ್ಮೆ ತಟ್ಟಿದಳು:
"ಸಾವಕಾಶ ಹೊಡಿಯೋ. ತಗ್ಗದಾವ."